ಹಳೇ ರಿವಾಲ್ವರ್‌ಗೆ ನ್ಯಾಯದ ಬೆಲೆ ಎಷ್ಟು? ಕೋವಿ ಅಂಗಡಿಯ ಅನುಭವದ ಪಾಠಗಳು

ಇಂಗ್ಲೆಂಡಿನ ವೆಬ್ಲಿ ಕಂಪನಿಯ ಒಂದೇ ರಿವಾಲ್ವರ್‌ಗೆ ಇಬ್ಬರು ಹೇಳಿದ ಬೆಲೆಗಳ ನಡುವೆ ಮೂರು ಪಟ್ಟು ಅಂತರ ಇದ್ದದ್ದನ್ನು ನಮ್ಮ ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಅದರ ಹೆಸರಿಗೆ ಬೆಲೆ ಕಟ್ಟಿದ್ದರು, ಇನ್ನೊಬ್ಬರು ಅದರ ಸ್ಥಿತಿಗೆ. ಮಲೆನಾಡಿನ ಈ ಪೇಟೆಯಲ್ಲಿ ನಮ್ಮ ತಂದೆಯವರ ಕಾಲದಿಂದ ಕೋವಿ, ತೋಟಾ ಮಾರಿಕೊಂಡು ಬಂದವರು ನಾವು. ಕಾಫಿ ತೋಟದ ಮನೆಗಳ ಬೀರುವಿನಿಂದ ಹೊರಬರುವ .32 ಬೋರಿನ ಹಳೇ ಇಂಗ್ಲಿಷ್, ಅಮೆರಿಕನ್ ರಿವಾಲ್ವರ್‌ಗಳು ಕೈಬದಲಾಗುವಾಗ ನಡುವೆ ನಿಂತು ಬೆಲೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೊಳ್ಳುವವರಿಗೂ ಮಾರುವವರಿಗೂ ಉಪಯೋಗವಾದೀತೆಂದು, ಆ ಕೆಲಸ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಬೆಲೆ ಹುಟ್ಟುವುದು ಲೈಸೆನ್ಸಿನಿಂದ

ಕಬ್ಬಿಣದ ತೂಕಕ್ಕೂ ರಿವಾಲ್ವರಿನ ಬೆಲೆಗೂ ಸಂಬಂಧವಿಲ್ಲ. ವಿದೇಶಿ ರಿವಾಲ್ವರ್‌ಗಳನ್ನು ತರಿಸಿ ಮಾರುವ ದಾರಿ 1980ರ ದಶಕದ ಮಧ್ಯದಲ್ಲಿ ಮುಚ್ಚಿತು. ಅದಕ್ಕೂ ಮೊದಲು ಬಂದವುಗಳೇ ಇವತ್ತೂ ಕೈಯಿಂದ ಕೈಗೆ ಓಡಾಡುತ್ತಿವೆ. ತುಕ್ಕು ಹಿಡಿದು ಕೆಟ್ಟವು, ಠಾಣೆಯಲ್ಲಿ ಡೆಪಾಸಿಟ್ ಆಗಿ ಯಾರೂ ಬಿಡಿಸಿಕೊಳ್ಳದೆ ಉಳಿದವು ಲೆಕ್ಕದಿಂದ ಹೋಗುತ್ತವೆ. ಹೊಸದಾಗಿ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಬೆಲೆ ಏರಿದ್ದಕ್ಕೆ ಇದು ಮೊದಲ ಕಾರಣ.

ಆದರೆ ಕೊಳ್ಳುವವರೂ ಬಹಳ ಜನ ಇಲ್ಲ ಎಂಬುದನ್ನು ಮಾರುವವರು ಮರೆಯುತ್ತಾರೆ. .38, .455, 9 ಎಂಎಂ ಬೋರುಗಳು ನಾಗರಿಕರಿಗೆ ನಿಷೇಧಿತ. ಹಾಗಾಗಿ ರಿವಾಲ್ವರ್ ಎಂದರೆ ಬಹುತೇಕ .32 ಎಂದೇ ಅರ್ಥ. ಅದನ್ನು ಕೊಳ್ಳಲು ಕೈಬಂದೂಕಿನ ಲೈಸೆನ್ಸ್ ಬೇಕು, ಆ ಲೈಸೆನ್ಸಿನಲ್ಲಿ ಜಾಗ ಖಾಲಿ ಇರಬೇಕು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ತೋಟದವರಿಗೆ ಹಂದಿ, ಮಂಗಗಳ ಕಾಟಕ್ಕೆ ಒಂದು ಹನ್ನೆರಡು ಬೋರಿನ ಕೋವಿ ಬೇಕೇ ಬೇಕು. ಉಳಿಯುವುದು ಒಂದೇ ಜಾಗ. ಅಲ್ಲಿ ಈಗಾಗಲೇ ಏನೋ ಕೂತಿದ್ದರೆ, ಕೈಯಲ್ಲಿ ಎಷ್ಟು ದುಡ್ಡಿದ್ದರೂ ಅವರು ಗಿರಾಕಿಯಲ್ಲ.

"ಇಂಥದ್ದು ಇನ್ನು ಸಿಗೋದಿಲ್ಲ" ಎಂದು ಹೇಳುವವರಿಗೆ ನಾನು ಕೇಳುವುದಿಷ್ಟು: ಇವತ್ತು ಇದನ್ನು ಕಾನೂನುಬದ್ಧವಾಗಿ ತೆಗೆದುಕೊಳ್ಳಬಲ್ಲ ಎಷ್ಟು ಜನರನ್ನು ನೀವು ಹೆಸರು ಹಿಡಿದು ಹೇಳಬಲ್ಲಿರಿ? ಬೆಲೆ ನಿಲ್ಲುವುದು ಆ ಪಟ್ಟಿಯ ಉದ್ದದ ಮೇಲೆ.

2. ಕಾಗದ ನೋಡದೆ ಕೈಗೆತ್ತಿಕೊಳ್ಳಬೇಡಿ

ರಿವಾಲ್ವರ್ ಮೇಲೆ ಕೊರೆದ ನಂಬರು ಮಾರುವವರ ಲೈಸೆನ್ಸಿನಲ್ಲಿ ಬರೆದ ನಂಬರಿಗೆ ಅಂಕಿಗೆ ಅಂಕಿ ತಾಳೆಯಾಗಬೇಕು. ಕೈಬರಹದ ಹಳೇ ಲೈಸೆನ್ಸ್ ಪುಸ್ತಕಗಳಲ್ಲಿ 3 ಇದ್ದದ್ದು 8 ಆಗಿರುತ್ತದೆ, 1 ಇದ್ದದ್ದು 7 ಆಗಿರುತ್ತದೆ. ತಪ್ಪು ಸಣ್ಣದೇ ಇರಬಹುದು, ಆದರೆ ಅದನ್ನು ಸರಿಪಡಿಸಬೇಕಾದವರು ಮಾರುವವರು, ಅದೂ ಮಾರುವ ಮೊದಲು. ನಂಬರನ್ನು ಉಜ್ಜಿ ಅಳಿಸಿದ್ದರೆ, ಮತ್ತೆ ಕೊರೆದಂತೆ ಕಂಡರೆ, ಅದಕ್ಕೆ ಬೆಲೆಯೇ ಇಲ್ಲ. ಗುರುತಿನ ನಂಬರಿಲ್ಲದ ಬಂದೂಕನ್ನು ಮಾರುವುದೇ ಅಪರಾಧ.

ಇಬ್ಬರು ಲೈಸೆನ್ಸುದಾರರ ನಡುವೆ ಮಾರಾಟ ನಡೆಯುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. 1959ರ ಆಯುಧ ಕಾಯ್ದೆಯ 5ನೇ ಕಲಂ ಇದನ್ನು ಹೇಳುತ್ತದೆ. "ಅರ್ಧ ದುಡ್ಡು ಈಗಲೇ ಕೊಡಿ, ಇವತ್ತೇ ತೊಗೊಂಡು ಹೋಗಿ, ಕಾಗದ ಆಮೇಲೆ ನೋಡೋಣ" ಎಂದರೆ ಎದ್ದು ಬನ್ನಿ.

ಕೊಡಗಿನ ಕಡೆಯ ಗಿರಾಕಿಗಳಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ಅದು ಇರುವುದು ರೈಫಲಿಗೆ, ಸಾದಾ ನಳಿಗೆಯ ಕೋವಿಗೆ. ರಿವಾಲ್ವರ್‌ಗೆ ಅವರೂ ಎಲ್ಲರಂತೆ ಲೈಸೆನ್ಸ್ ಪಡೆಯಲೇಬೇಕು.

3. ಹೊಸದರ ಬೆಲೆ ತಿಳಿಯದೆ ಹಳೆಯದರ ಬೆಲೆ ಹೇಳಲಾಗದು

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ನನ್ನ ಅಳತೆಗೋಲು. ಗಿರಾಕಿಗಳು ಇವತ್ತಿಗೂ ಅದನ್ನು ಐಒಎಫ್ (ಇಂಡಿಯನ್ ಆರ್ಡ್‌ನನ್ಸ್ ಫ್ಯಾಕ್ಟರೀಸ್) ಎಂದೇ ಕರೆಯುತ್ತಾರೆ. ಆರ್ಡ್‌ನನ್ಸ್ ಫ್ಯಾಕ್ಟರಿ ಬೋರ್ಡ್ 2021ರಲ್ಲಿ ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಕೆಲಸ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಕಂಪನಿಗೆ ಹೋಗಿದೆ. 2014ರಲ್ಲಿ ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರ್ ಬಂದಾಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ ಇತ್ತು. 2023ರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ 'ಪ್ರಬಲ್' ಬಂತು. 2025ರ ಸೆಪ್ಟೆಂಬರಿನಲ್ಲಿ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. ಹೊಸದು ತುಟ್ಟಿಯಾದರೆ ಹಳೆಯದನ್ನೂ ಅದು ಮೇಲಕ್ಕೆ ಎಳೆಯುತ್ತದೆ. ಆದ್ದರಿಂದ ಹೋದ ವರ್ಷ ಕೇಳಿದ ಬೆಲೆಯನ್ನು ಹಿಡಿದುಕೊಂಡು ಈ ವರ್ಷ ಚೌಕಾಸಿಗೆ ಕೂರಬಾರದು.

ನನ್ನ ಲೆಕ್ಕ ಹೀಗೆ. ತೆರಿಗೆಯೂ ಸೇರಿ ಹೊಸದರ ಬೆಲೆ 100 ಎಂದಿಟ್ಟುಕೊಳ್ಳಿ. ಮೂಲ ಬಣ್ಣ ಉಳಿದಿರುವ, ಸಿಲಿಂಡರ್ ಬಿಗಿಯಾಗಿರುವ, ನಳಿಗೆ ಒಳಗೆ ಹೊಳೆಯುವ ಬರ್ಮಿಂಗ್‌ಹ್ಯಾಮ್ ವೆಬ್ಲಿಗೆ ಅಥವಾ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್‌ಗೆ ನಾನು 200ರವರೆಗೆ ಒಪ್ಪುತ್ತೇನೆ. ಅದೇ ರಿವಾಲ್ವರ್‌ಗೆ ಬಣ್ಣ ಮತ್ತೆ ಹಾಕಿಸಿದ್ದರೆ 120. ಬಣ್ಣ ಹೇಗೇ ಇರಲಿ, ಸಿಲಿಂಡರ್ ಸಡಿಲವಾಗಿದ್ದರೆ 60ರ ಮೇಲೆ ಒಂದು ಪೈಸೆ ಬೇಡ. ಇವು ನನ್ನ ಅಂಗಡಿಯ ತೀರ್ಪುಗಳು. ಬೇರೆಯವರು ಇನ್ನೂ ಹೆಚ್ಚು ಕೊಟ್ಟಾರು, ನಾನು ಕೊಡಿ ಎನ್ನುವುದಿಲ್ಲ.

4. ನಳಿಗೆಯ ಮೇಲಿನ ಹೆಸರು ತಯಾರಕರದ್ದೇ ಎಂದುಕೊಳ್ಳಬೇಡಿ

ಹೆಚ್ಚು ಜನ ಮೋಸಹೋಗುವ ಜಾಗ ಇದು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಸ್ಪೇನಿನ ಐಬಾರ್ ಪಟ್ಟಣದ ಕಾರ್ಖಾನೆಗಳು ಸ್ಮಿತ್ ಅಂಡ್ ವೆಸ್ಸನ್, ಕೋಲ್ಟ್‌ಗಳ ನಕಲುಗಳನ್ನು ರಾಶಿರಾಶಿಯಾಗಿ ಮಾಡಿದವು. ಅವುಗಳ ನಳಿಗೆಯ ಮೇಲೆ 'ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರಿಗೆ ಹೊಂದುವ ತೋಟಾ' ಎಂಬರ್ಥದ ಸಾಲು ಇರುತ್ತದೆ. ಅಕ್ಷರ ಸವೆದ ಮೇಲೆ ಕಾಣುವುದು ಸ್ಮಿತ್ ಅಂಡ್ ವೆಸ್ಸನ್ ಎಂಬ ಹೆಸರೊಂದೇ! ಅದು ಯಾವ ತೋಟಾ ಹಾಕಬೇಕೆಂದು ಹೇಳುವ ಸಾಲು, ಯಾರು ಮಾಡಿದ್ದೆಂದು ಹೇಳುವುದಲ್ಲ. ಇಂಗ್ಲೆಂಡಿನಲ್ಲಿ ಪ್ರೂಫ್ (ನಳಿಗೆಯ ಬಲದ ಪರೀಕ್ಷೆ) ಆಗಿ ಇತ್ತ ಬಂದ ಪರದೇಶಿ ಬಂದೂಕುಗಳ ಮೇಲೆ, 1920ರ ದಶಕದಿಂದ 1950ರ ದಶಕದ ಮಧ್ಯದವರೆಗೆ, 'ನಾಟ್ ಇಂಗ್ಲಿಷ್ ಮೇಕ್' ಎಂದು ಮುದ್ರೆ ಒತ್ತುತ್ತಿದ್ದರು. ಭೂತಗನ್ನಡಿ ಇಟ್ಟು ನೋಡಿದರೆ ಇಂಥ ಎಷ್ಟೋ 'ಇಂಗ್ಲಿಷ್' ರಿವಾಲ್ವರ್‌ಗಳು ತಮ್ಮ ಊರು ಬೇರೆ ಎಂದು ತಾವೇ ಹೇಳುತ್ತವೆ.

ಅಸಲಿ ಸ್ಮಿತ್ ಅಂಡ್ ವೆಸ್ಸನ್‌ನಲ್ಲಿ 1957ರಿಂದ ಈಚೆಗೆ ಮಾದರಿ ಸಂಖ್ಯೆ ಒತ್ತಿರುತ್ತಾರೆ. ಸಿಲಿಂಡರನ್ನು ಪಕ್ಕಕ್ಕೆ ತೆರೆದರೆ, ಅದನ್ನು ಹಿಡಿದ ತೋಳು ಫ್ರೇಮಿಗೆ ಕೂರುವ ಜಾಗದಲ್ಲಿ ಅದು ಕಾಣುತ್ತದೆ. .32 ಲಾಂಗ್ ತೋಟಾವನ್ನು ಅವರು 1896ರಲ್ಲಿ ತಂದರು. ಆ ತೋಟಾದ ಸಣ್ಣ ಫ್ರೇಮಿನ ರಿವಾಲ್ವರ್‌ಗಳಲ್ಲಿ ಕೊನೆಯದಾದ ಮಾಡೆಲ್ 31, 1991ರಲ್ಲಿ ನಿಂತಿತು. ಹಳೆಯವುಗಳಲ್ಲಿ ಹಿಡಿಯ ತಳದ ನಂಬರು, ಸಿಲಿಂಡರಿನ ಹಿಂಬದಿಯ ನಂಬರು, ನಳಿಗೆಯ ಕೆಳಗಿನ ನಂಬರು ಒಂದೇ ಇದ್ದರೆ ಭಾಗಗಳು ಬದಲಾಗಿಲ್ಲ ಎಂದರ್ಥ. ಅದಕ್ಕೆ ನಾನು ಸಂತೋಷದಿಂದ ಹೆಚ್ಚು ಕೊಡಿಸುತ್ತೇನೆ.

ಕೋಲ್ಟ್‌ನಲ್ಲಿ ಬೇರೆ ತೊಡಕು. '.32 ನ್ಯೂ ಪೊಲೀಸ್' ಎಂದು ಒತ್ತಿದ್ದರೆ ನಮ್ಮಲ್ಲಿ ಸಿಗುವ .32 ಲಾಂಗ್ ತೋಟಾ ಸರಿಹೊಂದುತ್ತದೆ. '.32 ಲಾಂಗ್ ಕೋಲ್ಟ್' ಎಂದಿದ್ದರೆ ಅದು ಬೇರೆಯೇ ತೋಟಾ. ಇಲ್ಲಿ ತೋಟಾ ಸಿಗದ ರಿವಾಲ್ವರ್‌ಗೆ ಎಷ್ಟು ಕೊಟ್ಟರೂ ಅದು ಬೀರುವಿನ ವಸ್ತು.

ವೆಬ್ಲಿ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಅದೇ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಈಗ ಉತ್ತರ ಪ್ರದೇಶದ ಸಂಡೀಲದಲ್ಲೇ ತಯಾರಾಗುತ್ತದೆ. ಅದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೆ ಬರ್ಮಿಂಗ್‌ಹ್ಯಾಮಿನ ಹಳೆಯದರ ಬೆಲೆ ಕೇಳುವುದು ನ್ಯಾಯವಲ್ಲ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟದ ಮುದ್ರೆ ಎಲ್ಲಿದೆ ಎಂದು ಮೊದಲು ಹುಡುಕಿ.

5. ಕೈಯಲ್ಲಿ ಹಿಡಿದು ನೋಡುವ ಕ್ರಮ

ಕೊಳ್ಳುವ ಮೊದಲು ಗುಂಡು ಹಾರಿಸಿ ನೋಡುವ ಅವಕಾಶ ನಮ್ಮಲ್ಲಿ ಬಹುಮಟ್ಟಿಗೆ ಸಿಗುವುದಿಲ್ಲ. ಹೀಗಾಗಿ ಕೈ ಮತ್ತು ಕಣ್ಣು ಎರಡನ್ನೇ ನಂಬಬೇಕು.

ಮೊದಲು ತೆರೆದು ಸಿಲಿಂಡರಿನ ಆರೂ ಕೋಣೆ ಖಾಲಿ ಇವೆಯೆಂದು ನೋಡಿ, ಬೆರಳು ಹಾಕಿಯೂ ನೋಡಿ. ಮಾರುವವರು ಖಾಲಿ ಎಂದಿದ್ದರೂ ನೋಡಿ. ನಳಿಗೆ ಯಾರ ಕಡೆಗೂ ತಿರುಗಬಾರದು. ಖಾಲಿ ರಿವಾಲ್ವರಿನ ಟ್ರಿಗರ್ ಪಟಪಟ ಎಳೆಯುವುದೂ ಬೇಡ. ಹಳೇ ಪಿನ್ ಮುರಿದರೆ ಅದರ ಜೋಡಿ ಸಿಗುವುದು ಕಷ್ಟ. ಎಳೆಯಲೇಬೇಕಾದರೆ ಒಡೆಯರ ಅಪ್ಪಣೆ ಕೇಳಿ, ಖಾಲಿ ತೋಟಾ ಸಿಪ್ಪೆ ಹಾಕಿಕೊಂಡು ಎಳೆಯಿರಿ.

ಈಗ ಹ್ಯಾಮರನ್ನು, ನಮ್ಮ ಕಡೆಯ ಹಳಬರು ಕುದುರೆ ಎನ್ನುವುದನ್ನು, ಹೆಬ್ಬೆರಳಿನಿಂದ ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಬೆರಳಿನಿಂದ ಸಿಲಿಂಡರನ್ನು ಹಗುರವಾಗಿ ತಡೆಹಿಡಿದಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವ ಮೊದಲೇ ಸಿಲಿಂಡರ್ ತನ್ನ ಜಾಗಕ್ಕೆ ಬಂದು 'ಟಕ್' ಎಂದು ಬೀಗ ಬೀಳಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಮುಂದಕ್ಕೆ ತಳ್ಳಬೇಕಾಗಿ ಬಂದರೆ ಅದರ ಟೈಮಿಂಗ್ ಕೆಟ್ಟಿದೆ. ಗುಂಡು ನಳಿಗೆಯ ಬಾಯಿಗೆ ನೇರವಾಗಿ ಹೋಗದೆ ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಒಂದು ಕೋಣೆ ಸರಿ ಇದ್ದ ಮಾತ್ರಕ್ಕೆ ಆರೂ ಸರಿ ಇರುವುದಿಲ್ಲ, ಪ್ರತಿಯೊಂದನ್ನೂ ನೋಡಬೇಕು. ಅವಸರದಲ್ಲಿ ಎಳೆದರೆ ತಿರುಗುವ ವೇಗಕ್ಕೇ ಬೀಗ ಬಿದ್ದುಬಿಡುತ್ತದೆ, ದೋಷ ಕಾಣುವುದಿಲ್ಲ. ಮಾರುವ ಜಾಣರು ರಭಸದಿಂದಲೇ ಎಳೆದು ತೋರಿಸುತ್ತಾರೆ.

ಹ್ಯಾಮರ್ ಹಿಂದೆ ನಿಂತಿರುವಾಗ ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಅದನ್ನು ಮುಂದಕ್ಕೆ ಒತ್ತಿ. ಅದು ಜಾರಿ ಬಿದ್ದರೆ ಅಂಥ ರಿವಾಲ್ವರ್ ಅಪಾಯಕಾರಿ. ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಒಳಗಿನ ಹಲ್ಲನ್ನು ಅರ ಹಾಕಿ ಉಜ್ಜಿರುತ್ತಾರೆ.

ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ಅಲುಗಿಸಿ. ಕೂದಲೆಳೆಯಷ್ಟು ಆಟ ಸಹಜ, ಕಣ್ಣಿಗೆ ಕಾಣುವಷ್ಟು ಸರಿದರೆ ಸವೆತ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದನ್ನು ಅಳೆಯಲು ಗ್ಯಾರೇಜಿನವರು ಬೈಕಿನ ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್ ಸಾಕು. 0.10ರಿಂದ 0.15 ಮಿಲಿಮೀಟರ್ ಒಳ್ಳೆಯದು. 0.25 ದಾಟಿದರೆ ಬೆಲೆ ಇಳಿಸಿ ಮಾತಾಡಿ.

ವೆಬ್ಲಿ ನಡುವಿನಲ್ಲಿ ಮುರಿದು ತೆರೆದುಕೊಳ್ಳುವ ಜಾತಿಯದು. ಐಒಎಫ್ ರಿವಾಲ್ವರಿಗೂ ಅದೇ ಮಾದರಿ. ಇಂಥವುಗಳ ಪ್ರಾಣ ಇರುವುದು ಮುಂದಿನ ಕೀಲಿನಲ್ಲಿ ಮತ್ತು ಹ್ಯಾಮರ್ ಪಕ್ಕದ ಚಿಲಕದಲ್ಲಿ. ಮುಚ್ಚಿದ ರಿವಾಲ್ವರಿನ ನಳಿಗೆಯನ್ನು ಒಂದು ಕೈಯಲ್ಲಿ, ಹಿಡಿಯನ್ನು ಇನ್ನೊಂದರಲ್ಲಿ ಹಿಡಿದು ಎಡಬಲಕ್ಕೂ ಮೇಲೆ ಕೆಳಗೂ ಅಲುಗಿಸಿ. ಅಲುಗಬಾರದು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಕಣ್ಣಿಗೆ ಕಾಣದ ಸಡಿಲವೂ ಸದ್ದು ಮಾಡುತ್ತದೆ. ಪೂರ್ತಿ ತೆರೆದಾಗ ಸಿಪ್ಪೆ ಎತ್ತುವ ನಕ್ಷತ್ರದಂಥ ತಟ್ಟೆ ಮೇಲೆದ್ದು, ಕೊನೆಗೆ ತಟ್ಟನೆ ಒಳಗೆ ಹೋಗಿ ಕೂರಬೇಕು. ಅರ್ಧಕ್ಕೆ ನಿಂತರೆ ಸ್ಪ್ರಿಂಗ್ ಸೋತಿದೆ. ಪ್ರತಿ ಸಲವೂ ಜೋರಾಗಿ ಬಡಿದು ಮುಚ್ಚುವವರ ಕೈಯಲ್ಲಿದ್ದ ವೆಬ್ಲಿಗಳ ಕೀಲು ಬೇಗ ಸವೆಯುತ್ತದೆ. ಒಡೆಯರು ಅದನ್ನು ಮುಚ್ಚುವ ರೀತಿ ನೋಡಿದರೇ ಅರ್ಧ ತೀರ್ಮಾನ ಆಗುತ್ತದೆ.

ಕೊನೆಗೆ ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿ. ಸುರುಳಿ ಗೆರೆಗಳು ಬಾಯಿಯವರೆಗೂ ಚೂಪಾಗಿರಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ತುಕ್ಕಿನ ಗುಳಿ, ಅದಕ್ಕೆ ಬೆಲೆ ತಗ್ಗಿಸಿದರೆ ಸಾಕು. ಉಂಗುರದಂತೆ ಸುತ್ತಲೂ ಒಂದು ನೆರಳು ಕಂಡರೆ ಮಾತ್ರ ಕೈಬಿಡಿ. ಹಳಸಿದ ತೋಟಾದ ಗುಂಡು ಒಳಗೇ ಸಿಕ್ಕಿಕೊಂಡು, ಅದರ ಹಿಂದೆ ಇನ್ನೊಂದನ್ನು ಹಾರಿಸಿದಾಗ ನಳಿಗೆ ಉಬ್ಬಿದ ಗುರುತು ಅದು.

6. ಹೊಳಪನ್ನು ಅನುಮಾನದಿಂದ ನೋಡಿ

ಎಂಬತ್ತು ವರ್ಷದ ರಿವಾಲ್ವರ್ ಮದುವೆ ಮನೆಯ ಬೆಳ್ಳಿ ತಟ್ಟೆಯಂತೆ ಮಿನುಗುತ್ತಿದ್ದರೆ ಅದಕ್ಕೆ ಯಾರೋ ಪಾಲಿಶ್ ಹೊಡೆಸಿದ್ದಾರೆ. ಪಾಲಿಶ್ ಚಕ್ರ ಬಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಅಂಚುಗಳು ದುಂಡಗಾಗುತ್ತವೆ, ಅಕ್ಷರಗಳು ತೇಲುತ್ತವೆ, ಸ್ಕ್ರೂ ಕೂರುವ ಕುಳಿಯ ಸುತ್ತ ತಗ್ಗು ಬೀಳುತ್ತದೆ. ಹಿಡಿಯ ಹತ್ತಿರ, ನಳಿಗೆಯ ತುದಿಯಲ್ಲಿ ಬಣ್ಣ ಮಾಸಿ ಬೂದು ಬಂದಿದ್ದರೂ ಅಕ್ಷರ ಚೂಪಾಗಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಒಳಗೆ ಅಡ್ಡಾದಿಡ್ಡಿ ಕೈ ಆಡಿದೆ ಎಂದು ಲೆಕ್ಕ.

7. ನಮ್ಮ ಮಳೆ ಮತ್ತು ಚರ್ಮದ ಚೀಲ

ಮಲೆನಾಡು, ಕರಾವಳಿಯ ರಿವಾಲ್ವರ್ ಎಂದರೆ ಮೊದಲು ಹಿಡಿ ಬಿಚ್ಚಿ ನೋಡಿ. ಮರದ ಅಥವಾ ರಬ್ಬರಿನ ಹಿಡಿಯ ಅಡಿಯಲ್ಲಿ ಒರೆಸುವ ಬಟ್ಟೆ ಎಂದೂ ತಲುಪಿರುವುದಿಲ್ಲ. ಇನ್ನು ಚರ್ಮದ ಹೋಲ್ಸ್ಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವನ್ನೆಲ್ಲ ಹೀರಿ ಅದು ಉಕ್ಕಿಗೆ ಒತ್ತಿ ಹಿಡಿಯುತ್ತದೆ, ಚರ್ಮ ಹದ ಮಾಡಿದ ಉಪ್ಪು ಮತ್ತು ಆಮ್ಲವೂ ಸೇರುತ್ತವೆ. ಜೋಪಾನವೆಂದು ಹೋಲ್ಸ್ಟರಿನಲ್ಲೇ ಇಟ್ಟು ಬೀರುವಿಗೆ ಸೇರಿಸಿದವು ಒಂದೇ ಪಕ್ಕಕ್ಕೆ ಗುಳಿಬಿದ್ದು ಬರುತ್ತವೆ.

ಚುನಾವಣೆ ಬಂದಾಗ ಸಾಮಾನ್ಯವಾಗಿ ರಿವಾಲ್ವರನ್ನು ಠಾಣೆಯಲ್ಲಿ ಡೆಪಾಸಿಟ್ ಮಾಡಬೇಕಾಗುತ್ತದೆ. ಎಣ್ಣೆ ಸವರಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ನಂಬರು ಬರೆಸಿದ ರಸೀದಿ ಪಡೆದು ಇಟ್ಟುಬನ್ನಿ. ಹಾಗೆ ಮಾಡಿದವರ ರಿವಾಲ್ವರ್‌ಗೂ ಹಾಗೇ ಕೊಟ್ಟುಬಂದವರದ್ದಕ್ಕೂ ನಾಲ್ಕಾರು ಚುನಾವಣೆ ಕಳೆಯುವಷ್ಟರಲ್ಲಿ ಬೆಲೆಯ ಅಂತರ ಸ್ಪಷ್ಟವಾಗಿ ಕಾಣುತ್ತದೆ.

8. ಬಿಡಿಭಾಗದ ಖರ್ಚನ್ನು ಇವತ್ತೇ ಕಳೆಯಿರಿ

ತಯಾರಿ ನಿಂತ ಮಾದರಿ ಎಂದರೆ ಬಿಡಿಭಾಗದ ತಯಾರಿಯೂ ನಿಂತಿತು. ಮುಖ್ಯ ಸ್ಪ್ರಿಂಗ್, ಸಿಲಿಂಡರ್ ತಿರುಗಿಸುವ ಕೊಕ್ಕೆ, ಕೀಲಿನ ತಿರುಪು ಮುರಿದರೆ ಅರ ಹಿಡಿದು ಹೊಸದಾಗಿ ಮಾಡಬಲ್ಲ ಕೈಗಳು ರಾಜ್ಯದಲ್ಲಿ ಬಹಳ ಉಳಿದಿಲ್ಲ. ಲೈಸೆನ್ಸ್ ಇಲ್ಲದ ರಿಪೇರಿಯವರ ಕೈಗೆ ಕೊಡುವುದಂತೂ ಕಾನೂನಿಗೆ ವಿರುದ್ಧ. ಮುರಿದದ್ದನ್ನು 'ಸಣ್ಣ ರಿಪೇರಿ' ಎಂದು ಹೇಳಿ ಮಾರಿದರೆ, ಆ ಸಣ್ಣ ರಿಪೇರಿಯನ್ನು ಅವರೇ ಮಾಡಿಸಿಕೊಡಲಿ ಎನ್ನಿ. ಒಪ್ಪದಿದ್ದರೆ ರಿಪೇರಿ ಎಷ್ಟು ದೊಡ್ಡದೆಂದು ತಿಳಿದಂತಾಯಿತು.

9. ಕತೆಗೆ ಕಾಗದದ ಆಧಾರ ಬೇಕು

ದೊರೆಗಳ ಕಾಲದ ತೋಟದ ಮ್ಯಾನೇಜರರದ್ದು, ಅರಮನೆಯಿಂದ ಬಂದದ್ದು ಎಂಬ ಮಾತುಗಳು ಬೇಕಾದಷ್ಟು ಕೇಳಿಬರುತ್ತವೆ. ಕೆಲವು ನಿಜವೂ ಇರಬಹುದು. ಮೊದಲು ಕೊಂಡ ಅಂಗಡಿಯ ಬಿಲ್ಲು, ಹಳೇ ಲೈಸೆನ್ಸ್ ಪುಸ್ತಕ, ಕಂಪನಿಯ ಮೂಲ ಪೆಟ್ಟಿಗೆ ಇದ್ದರೆ ನಾನು ಕತೆಗೂ ಬೆಲೆ ಕೊಡುತ್ತೇನೆ. ಇಲ್ಲದಿದ್ದರೆ ಕತೆ ಕೇಳಿ, ರಿವಾಲ್ವರ್‌ಗೆ ಮಾತ್ರ ಕೊಡಿ.

10. ನಿಂತದ್ದು ಮತ್ತೆ ಶುರುವಾಗಬಹುದು

ಅಮೆರಿಕದ ಕೋಲ್ಟ್ ಪೈಥಾನ್ 1955ರಲ್ಲಿ ಹುಟ್ಟಿ, 2005ರಲ್ಲಿ ನಿಂತು, 2020ರಲ್ಲಿ ಕಂಪನಿಯಿಂದಲೇ ಹೊಸದಾಗಿ ಮತ್ತೆ ಬಂತು. ನಮ್ಮಲ್ಲೂ ವೆಬ್ಲಿ ಹೆಸರು ಮರಳಿದೆ, 2016ರ ಆಯುಧ ನಿಯಮಗಳ ನಂತರ ಖಾಸಗಿ ತಯಾರಕರು ಬರುತ್ತಿದ್ದಾರೆ. ಹೀಗೆ ಹೊಸದು ಮರಳಿದರೆ ಹಳೆಯದರ ಬೆಲೆ ಏರುತ್ತಲೇ ಇರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಹೂಡಿಕೆ ಎಂದು ಕೊಳ್ಳಲು ಬರುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಕೊಳ್ಳುವುದಾದರೆ ಇಟ್ಟುಕೊಳ್ಳಲು, ನೋಡಿಕೊಳ್ಳಲು ಕೊಳ್ಳಿ.

11. ಮಾರುವವರಿಗೆ ಗೊತ್ತಿಲ್ಲ ಎಂಬುದು ರಿಯಾಯಿತಿಯಲ್ಲ

ಇದನ್ನು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕು. ಹಳೇ ರಿವಾಲ್ವರ್‌ಗಳಲ್ಲಿ ಬಹುಪಾಲು ಮಾರಾಟಕ್ಕೆ ಬರುವುದು ಲೈಸೆನ್ಸುದಾರರು ತೀರಿಕೊಂಡಾಗ. ಕಾನೂನಿನ ಪ್ರಕಾರ ಮನೆಯವರು ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಡೆಪಾಸಿಟ್ ಮಾಡಬೇಕು. ಗಂಡನನ್ನು ಕಳೆದುಕೊಂಡ ಮನೆಯ ಯಜಮಾನಿಗೆ ಆ ಹೊತ್ತಿನಲ್ಲಿ ಅದು ವೆಬ್ಲಿಯೋ ನಕಲಿಯೋ ಏನು ಗೊತ್ತು? ಮನೆಯಿಂದ ಆಚೆ ಹೋದರೆ ಸಾಕು ಎಂದಿರುತ್ತದೆ. ಆಗ ಸಾಂತ್ವನ ಹೇಳಲು ಬಂದವರೇ "ಇದು ಓಬಿರಾಯನ ಕಾಲದ್ದು ಕಣಮ್ಮ, ಯಾರೂ ತೊಗೊಳಲ್ಲ, ನಾನೇ ಏನೋ ಕೊಡ್ತೀನಿ" ಎನ್ನುವುದನ್ನು ಕೇಳಿದ್ದೇನೆ. ಅವರು ಕೊಡಲು ಬಂದ ಬೆಲೆ ಹೊಸದರ ಕಾಲುಭಾಗವೂ ಇರಲಿಲ್ಲ. ವಸ್ತು ನೋಡಿದರೆ ಹೊಸದರ ಒಂದೂವರೆ ಪಟ್ಟು ಬಾಳುವಂಥದ್ದು.

ನಾನು ಪಾಲಿಸುವ ನಿಯಮ ಇಷ್ಟೇ. ಈ ರಿವಾಲ್ವರ್ ನನ್ನದೇ ಆಗಿದ್ದರೆ, ಎಲ್ಲ ತಿಳಿದ ನಾನು ಎಷ್ಟಕ್ಕೆ ಬಿಡುತ್ತಿದ್ದೆನೋ ಆ ಅಂಕಿಯನ್ನು ಮೊದಲು ಆ ಮನೆಯವರಿಗೇ ಹೇಳುತ್ತೇನೆ. ನನ್ನ ಕಮಿಷನ್ ಎಷ್ಟು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಕೊಳ್ಳುವವರು ಅದಕ್ಕಿಂತ ಇಳಿಸಬೇಕಾದರೆ ದೋಷ ತೋರಿಸಿ ಇಳಿಸಲಿ, ದುಃಖ ನೋಡಿ ಇಳಿಸಬಾರದು.

ಮನೆಯಲ್ಲಿ ರಿವಾಲ್ವರ್ ಇರುವವರಿಗೆ ನನ್ನ ಕೋರಿಕೆ: ನೀವು ಬದುಕಿರುವಾಗಲೇ ಒಂದು ಹಾಳೆಯಲ್ಲಿ ತಯಾರಕರ ಹೆಸರು, ಬೋರು, ನಂಬರು, ಇವತ್ತಿನ ಅಂದಾಜು ಬೆಲೆ ಬರೆದು ಲೈಸೆನ್ಸಿನ ಜೊತೆ ಇಡಿ, ಮನೆಯವರಿಗೆ ಓದಿ ಹೇಳಿ. ಡೆಪಾಸಿಟ್ ಮಾಡಿದ ಬಂದೂಕನ್ನು ನಿಗದಿತ ಅವಧಿಯೊಳಗೆ ವಾರಸುದಾರರ ಹೆಸರಿಗೆ ಮಾಡಿಸದಿದ್ದರೆ ಅಥವಾ ಮಾರದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ, ಆಮೇಲೆ ಒಂದು ರೂಪಾಯಿಯೂ ಬರುವುದಿಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.